ಬಲ್ಬು ಹಚ್ಚಿಟ್ಟ ದೋಣಿ

ನಾನು ಮೂವತ್ತೊಂದು ವರ್ಷ ಸ್ಟೋರ್‌ಕೀಪರ್ ಆಗಿದ್ದವನು. ನನ್ನ ಸ್ಟೋರ್ಸಿನಲ್ಲಿ ಒಂದೇ ಒಂದು ವೆಲ್ಡಿಂಗ್ ರಾಡು ಥಂಡಿ ಹಿಡಿದು ಹಾಳಾದದ್ದಿಲ್ಲ. ಇದು ನಾನು ಕೊಚ್ಚಿಕೊಳ್ಳುವ ಮಾತಲ್ಲ, ಇಡೀ ಕಾರ್ಖಾನೆಯೇ ಹೇಳುತ್ತಿತ್ತು. ಸರಿ, ನಾನೂ ಸ್ವಲ್ಪ ಕೊಚ್ಚಿಕೊಳ್ಳುತ್ತಿದ್ದೆ ಅನ್ನಿ. ನನ್ನ ಹೆಂಡತಿ ಕಮಲಮ್ಮ ಈ ಮಾತನ್ನು ಎಷ್ಟು ಸಲ ಕೇಳಿದ್ದಾಳೆಂದರೆ, ನೆಂಟರ ಮುಂದೆ ನಾನು ಶುರು ಮಾಡಿದರೆ ಸಾಕು, ಉಳಿದದ್ದನ್ನು ಅವಳೇ ಹೇಳಿ ಮುಗಿಸುತ್ತಾಳೆ.

ಗುಟ್ಟೇನೂ ಇರಲಿಲ್ಲ. ವೆಲ್ಡಿಂಗ್ ರಾಡಿನ ಮೇಲಿನ ಲೇಪ ತೇವ ಹೀರಿತೋ, ಕೆಲಸ ಕೆಟ್ಟಿತು. ಅದಕ್ಕೆ ನಾನು ಸ್ಟೋರ್ಸಿನ ಮೂಲೆಯಲ್ಲಿ ಒಂದು ಸಣ್ಣ ಕೋಣೆ ಮಾಡಿಸಿ, ಸಂದುಗೊಂದಿಗೆಲ್ಲ ಪಟ್ಟಿ ಅಂಟಿಸಿ, ಒಳಗೆ ಹಗಲೂ ರಾತ್ರಿ ನೂರು ವ್ಯಾಟಿನ ಎರಡು ಬಲ್ಬು ಉರಿಸುತ್ತಿದ್ದೆ. ಒಳಗೆ ಬೆಚ್ಚಗಿರಬೇಕು, ಬಾಗಿಲು ಗಟ್ಟಿಯಾಗಿ ಮುಚ್ಚಿರಬೇಕು. ಇಷ್ಟೇ ನನ್ನ ವಿದ್ಯೆ. ಈ ವಿದ್ಯೆಯ ಮೇಲೆ ನನಗೆ ಎಷ್ಟು ನಂಬಿಕೆ ಇತ್ತೆಂದರೆ, ಹೋದ ಚಳಿಗಾಲದಲ್ಲಿ ಅದನ್ನು ಒಂದು ದೋಣಿಯ ಮೇಲೆ ಪ್ರಯೋಗಿಸಿದೆ.

ದೋಣಿ ಪಟ್ಟಾಭಿರಾಮನದು. ಅವನೂ ನಮ್ಮ ಕಾರ್ಖಾನೆಯವನೇ, ಪ್ಯಾಟರ್ನ್ ಶಾಪಿನಲ್ಲಿದ್ದ. ಯಾವುದೇ ಕಬ್ಬಿಣದ ಭಾಗವನ್ನು ಎರಕ ಹೊಯ್ಯುವ ಮೊದಲು ಅದೇ ಅಳತೆಯಲ್ಲಿ ಮರದ ಅಚ್ಚು ಮಾಡಬೇಕು. ಆ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಳಿಗೆ ಕಬ್ಬಿಣ ಹೊಯ್ಯುತ್ತಾರೆ. ಆ ಅಚ್ಚನ್ನೇ ಪ್ಯಾಟರ್ನ್ ಅನ್ನುವುದು. ಪಟ್ಟಾಭಿ ಮಾಡಿದ ಪ್ಯಾಟರ್ನಿನ ಮೇಲೆ ಬೆರಳಾಡಿಸಿದರೆ ಎರಡು ತುಂಡು ಎಲ್ಲಿ ಕೂಡಿವೆ ಎಂದು ಗೊತ್ತಾಗುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಅವನೂ ನಾನೂ ರಾಜಗೋಪಾಲನಗರದಲ್ಲಿ ಒಂದೇ ರಸ್ತೆಯಲ್ಲಿ ನೆಲೆಸಿದೆವು. ಬೆಳಗಿನ ವಾಕಿಂಗು ಒಟ್ಟಿಗೆ, ಕಾಫಿ ಒಟ್ಟಿಗೆ, ಜಗಳ ಒಟ್ಟಿಗೆ.

ಆರು ವರ್ಷ ಅವನು ಉಳಿ ಮುಟ್ಟಲಿಲ್ಲ. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಪೀಣ್ಯ ಎರಡನೇ ಹಂತದಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು ಹಾಯಿದೋಣಿ ಕಟ್ಟುತ್ತೇನೆ ಎಂದ. ಸುತ್ತಮುತ್ತ ಲೇತು, ಪ್ರೆಸ್ಸು, ಪೌಡರ್ ಕೋಟಿಂಗು, ನಡುವೆ ದೋಣಿ!

"ಏನೋ ನಿಂಗೆ ತಲೆ ಕೆಟ್ಟಿದ್ಯಾ? ಇಲ್ಲಿ ನೀರೆಲ್ಲಿದೆ?" ಎಂದೆ.

"ನೀರು ಇರೋ ಕಡೆ ತಗೊಂಡ್ಹೋದ್ರಾಯ್ತು. ಮೂವತ್ತು ವರ್ಷ ಮಾಡಿದ್ದೆಲ್ಲ ಮರಳಲ್ಲಿ ಹೂತ್ಹೋಯ್ತು ಕಣೋ. ಜನ ಕಬ್ಬಿಣ ನೋಡ್ತಾರೆ, ಮರ ಯಾರ ಕಣ್ಣಿಗೂ ಬೀಳಲ್ಲ. ಮರಾನೇ ಕಾಣೋ ಥರ ಒಂದಾದ್ರೂ ಮಾಡ್ಬೇಕು," ಎಂದ ಪಟ್ಟಾಭಿ.

ನಾಲ್ಕು ವರ್ಷ ಹಿಡಿಯಿತು. ಹದಿನಾರು ಅಡಿ ಉದ್ದ. ಮುಂಭಾಗದಲ್ಲಿ ಇಬ್ಬರು ಬಗ್ಗಿ ಕೂರುವಷ್ಟು ಪುಟ್ಟ ಕೋಣೆ, ಅದಕ್ಕೆ ಅಂಗೈ ಅಗಲದ ಗಾಜಿನ ಕಿಟಕಿ, ಒಂದು ಬಾಗಿಲು, ಹಿಂದೆ ಮುಂದೆ ಗಾಳಿಕಿಂಡಿ. ಅವನ ಹೆಂಡತಿ ಊರ್ಮಿಳಾ ತಮ್ಮ ಹಳೆಯ ಹೊಲಿಗೆ ಮಷಿನ್ನಿನಲ್ಲಿ ದಪ್ಪ ಬಿಳಿ ಬಟ್ಟೆಯ ಹಾಯಿ ಹೊಲಿದರು. ಆರು ಸೂಜಿ ಮುರಿದುವಂತೆ. ಇಳಿಸುವ ಜಾಗವೂ ಗೊತ್ತಾಗಿತ್ತು. ನನ್ನ ಹೆಂಡತಿಯ ತಮ್ಮ ಸಂಗಣ್ಣನ ಹೊಲ ತುಂಗಭದ್ರಾ ಹಿನ್ನೀರಿನ ದಂಡೆಯಲ್ಲೇ ಇದೆ. ಫೆಬ್ರವರಿ ಕೊನೆಗೆ ಲಾರಿಯಲ್ಲಿ ಹೇರಿಕೊಂಡು ಅಲ್ಲಿಗೆ ಹೋಗುವುದೆಂದು ತೀರ್ಮಾನವಾಗಿತ್ತು.

ಅಷ್ಟರಲ್ಲಿ ಪಟ್ಟಾಭಿಯ ಮಂಡಿ ಕೈಕೊಟ್ಟಿತು. ಎರಡೂ ಮಂಡಿಗೆ ಆಪರೇಷನ್, ಮೂರು ತಿಂಗಳು ಮೆಟ್ಟಿಲು ಹತ್ತುವ ಹಾಗಿಲ್ಲ. ಮಗಳು ಸಮೀಕ್ಷಾ ಹೂಡಿಯಲ್ಲಿ ಲಿಫ್ಟ್ ಇರುವ ಅಪಾರ್ಟ್‌ಮೆಂಟಿನಲ್ಲಿದ್ದಳು. ಅಪ್ಪ ಅಮ್ಮ ಇಬ್ಬರನ್ನೂ ನವೆಂಬರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೊರಟಳು. ಪೀಣ್ಯ ಎಲ್ಲಿ, ಹೂಡಿ ಎಲ್ಲಿ! ಒಂದೇ ಊರು ಅಂತ ಹೆಸರಿಗೆ ಹೇಳಬೇಕು ಅಷ್ಟೇ. ದೋಣಿ ಶೆಡ್ಡಿನಲ್ಲಿ ಒಂಟಿಯಾಗಿ ಉಳಿಯಿತು.

ಹೊರಡುವ ಹಿಂದಿನ ವಾರ ಪಟ್ಟಾಭಿ ದೋಣಿಯೊಳಗೆ ಪೈಪಿನಿಂದ ನೀರು ತುಂಬಿಸಿ ಎಲ್ಲಾದರೂ ಸೋರುತ್ತದೆಯೇ ಎಂದು ನೋಡಿದ್ದ. ಒಂದು ಹನಿ ಸೋರಲಿಲ್ಲ. ನೀರು ಹೊರಹಾಕಿ ಒರೆಸಿದ್ದೂ ಆಯಿತು. ಕೊನೆಗೆ ಬೀಗದ ಕೈ ಜೊತೆಗೆ ಮಡಿಸಿದ ಒಂದು ಕಾಗದವನ್ನು ನನ್ನ ಜೇಬಿಗೆ ತುರುಕಿದ.

"ಚಳಿಗಾಲ ಮುಗಿಯೋವರ್ಗೂ ಏನೇನು ಮಾಡ್ಬೇಕು ಅಂತ ಬರ್ದಿದೀನಿ, ಓದ್ಕೋ."

"ಥಂಡಿ ಹಿಡೀದೆ ಇರೋ ಹಾಗೆ ಇಡೋದು ನೀನು ನಂಗೆ ಹೇಳ್ಕೊಡ್ತೀಯಾ?"

"ಹೇಳ್ಕೊಡ್ತಿಲ್ಲಪ್ಪ, ಓದ್ಕೋ ಅಂದೆ."

"ಒಂದು ಹನಿ ತೇವ ಸೋಕಿದ್ರೆ ನನ್ನ ಹೆಸರು ಕೊಟ್ರಪ್ಪ ಅಲ್ಲ. ಹೋಗು, ನಿನ್ನ ಮಂಡಿ ನೋಡ್ಕೋ."

ಅವನು ನಕ್ಕು ಕಾರು ಹತ್ತಿದ. ಕಾಗದವನ್ನು ನಾನು ಬಿಚ್ಚಲೂ ಇಲ್ಲ, ಶೆಡ್ಡಿನ ಕಿಟಕಿಯ ಮೇಲಿಟ್ಟು ಮರೆತೆ.

ಮಾರನೆಯ ದಿನವೇ ಕೆಲಸಕ್ಕೆ ಇಳಿದೆ. ಈಗ ಎಲ್ಲಿ ನೋಡಿದರೂ ಎಲ್‌ಇಡಿ. ಅದರಲ್ಲಿ ಬೆಳಕಿದೆ, ಬಿಸಿ ಇಲ್ಲ. ತಂತಿ ಉರಿಯುವ ಹಳೇ ಬಲ್ಬು ಬೇಕೆಂದು ಐದು ಅಂಗಡಿ ಸುತ್ತಿದೆ. ಕೊನೆಗೆ ದೊಡ್ಡಮುನಿಯಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಧೂಳು ಹಿಡಿದ ಎರಡು ಸಿಕ್ಕವು. "ಏನ್ ಸಾರ್, ಕೋಳಿ ಮರಿ ಸಾಕ್ತೀರಾ?" ಎಂದು ಕೇಳಿದ. ದೋಣಿ ಸಾಕುತ್ತೇನೆ ಎಂದೆ. ಅವನು ಅವಸರದಲ್ಲಿ ಎರಡನ್ನೂ ಕಟ್ಟಿಕೊಟ್ಟ.

ಎರಡೂ ಬಲ್ಬನ್ನು ದೋಣಿಯ ಕೋಣೆಯೊಳಗೆ ಜೋಪಾನವಾಗಿ ತೂಗುಹಾಕಿದೆ. ಹಾಯಿಯ ಮೂಟೆಯನ್ನೂ ಬೆಚ್ಚಗಿರಲಿ ಎಂದು ಅಲ್ಲೇ ಒಳಗಿಟ್ಟೆ. ಎರಡು ಗಾಳಿಕಿಂಡಿಗೂ ಥರ್ಮಾಕೋಲ್ ತುರುಕಿದೆ. ಬಾಗಿಲಿನ ಸಂದಿಗೆ ಪ್ಯಾಕಿಂಗ್ ಟೇಪು ಸುತ್ತಿದೆ. ಮೇಲಿಂದ ಕೆಳತನಕ ಟಾರ್ಪಾಲು ಹೊದೆಸಿ ಹಗ್ಗ ಬಿಗಿದೆ. ಕಿಟಕಿಯ ಎದುರು ಮಾತ್ರ ಒಂದು ಮಡಿಕೆ ಬಿಟ್ಟೆ, ಬಲ್ಬು ಉರಿಯುತ್ತಿದೆಯೋ ಇಲ್ಲವೋ ನೋಡಬೇಕಲ್ಲ. ಸ್ವಿಚ್ಚು ಹಾಕಿದಾಗ ಆ ಪುಟ್ಟ ಕಿಟಕಿ ಹಳದಿಯಾಗಿ ಹೊಳೆಯಿತು. ನನ್ನ ಹಳೇ ರಾಡಿನ ಕೋಣೆಯೇ ಎದ್ದು ಬಂದ ಹಾಗಿತ್ತು. ಖುಷಿಯಲ್ಲಿ ಒಬ್ಬನೇ ನಿಂತು ಮೀಸೆ ತಿರುವಿದೆ.

ಆ ಸಲದ ಚಳಿ ನಿಮಗೂ ನೆನಪಿರಬಹುದು. ಡಿಸೆಂಬರ್ ಮೊದಲ ವಾರ ಸೈಕ್ಲೋನಿನ ಜಡಿಮಳೆ, ಆಮೇಲೆ ಬೆಳಗ್ಗೆ ಒಂಬತ್ತಾದರೂ ಬಿಡದ ಮಂಜು. ತಗಡಿನ ಸೂರಿನ ಒಳಮೈಯಿಂದ ಇಬ್ಬನಿ ಹನಿಹನಿ ತೊಟ್ಟಿಕ್ಕುತ್ತಿತ್ತು. ವಾರಕ್ಕೆ ಎರಡು ಸಲ ಹೋಗಿ ನೋಡುತ್ತಿದ್ದೆ. ಟಾರ್ಪಾಲಿನ ಮೇಲೆ ನೀರು, ಒಳಗೆ ಹಳದಿ ಬೆಳಕು. ಕಿಟಕಿಯ ಗಾಜು ಒಳಗಿನಿಂದ ಮಬ್ಬಾಗಿತ್ತು. ಒಳಗೆ ಎಷ್ಟು ಬೆಚ್ಚಗಿದೆ ನೋಡು ಎಂದುಕೊಂಡೆ. ಪಟ್ಟಾಭಿಗೆ ಫೋನ್ ಮಾಡಿ, "ನಿನ್ನ ದೋಣಿ ನಿನಗಿಂತ ಬೆಚ್ಚಗಿದೆ," ಎಂದೆ. ಅವನೂ ಸಮಾಧಾನವಾಗಿ ನಕ್ಕ.

ಸಂಕ್ರಾಂತಿಗೆ ಒಂದು ವಾರವಿತ್ತು. ನನ್ನ ಜಂಬ ಕೇಳಿ ಕೇಳಿ ಸಾಕಾಗಿ ಕಮಲಮ್ಮ, "ಅದೇನ್ ಮಾಡೀರಿ ತೋರಿಸ್ರಿ ನೋಡೋಣ," ಎಂದು ಜೊತೆಗೆ ಹೊರಟಳು. ಶೆಡ್ಡಿನ ಬಾಗಿಲು ತೆಗೆದು, ಟಾರ್ಪಾಲಿನ ಮಡಿಕೆ ಸರಿಸಿ, ಗಂಭೀರವಾಗಿ ಕಿಟಕಿ ತೋರಿಸಿದೆ. ಅವಳು ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಗಾಜಿನ ಒಳಬದಿಯಲ್ಲಿ ಒಂದು ಹನಿ ಜಾರಿ ಕೆಳಗಿಳಿಯಿತು.

"ಒಳಗ ಬೆವರೈತಲ್ರಿ ಇದು."

"ಬೆವರಲ್ಲ, ಬಿಸಿ."

"ಅಲ್ರಿ, ಬಿಸಿ ರೊಟ್ಟಿ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಡಿದ್ರ ಏನಾಕ್ಕೈತಿ?"

ತುಂಗಭದ್ರೆ ದಂಡೆಯ ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಡಕ್ ಜೋಳದ ರೊಟ್ಟಿ ತಿಂಗಳುಗಟ್ಟಲೆ ಇರಬೇಕಾದರೆ ಮೊದಲು ಹರವಿ ಗಾಳಿಗೆ ಬಿಡಬೇಕು, ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿಡಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ತನ್ನ ಹಬೆಯಲ್ಲಿ ತಾನೇ ನೆಂದು, ಮೂರನೇ ದಿನಕ್ಕೆ ಬೂಸರು.

"ಇದು ರೊಟ್ಟಿ ಅಲ್ಲ ಕಣೇ," ಎಂದೆ. ದನಿಯಲ್ಲಿ ಜೀವವಿರಲಿಲ್ಲ.

"ಅವತ್ತು ಅಣ್ಣಾರು ನೀರು ತುಂಬ್ಸಿದ್ರು ಅಂತ ನೀವ ಹೇಳಿದ್ರಿ. ಆ ಹಸಿ ಎಲ್ಲಿಗೆ ಹೋಗ್ಬೇಕು? ತೆಗೀರಿ ಮೊದ್ಲು."

ಟೇಪು ಕಿತ್ತು ಬಾಗಿಲು ತೆರೆದೆ. ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಕೋಣೆಯ ಮೇಲ್ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕನ್ನಡಿಯ ಹಾಗಿದ್ದ ವಾರ್ನಿಷು ಹಾಲು ಚೆಲ್ಲಿದಂತೆ ಬಿಳಿಚಿಕೊಂಡಿತ್ತು. ತಳದ ಹಲಗೆ ಎತ್ತಿದೆ, ಅಡಿಯಲ್ಲಿ ಹಸಿರು ಬೂಸರು ರೋಮದ ಹಾಗೆ ಎದ್ದು ನಿಂತಿತ್ತು. ಬಲ್ಬಿಗೆ ಹತ್ತಿರವಿದ್ದ ಒಂದು ಹಲಗೆ ಸೊಟ್ಟಗಾಗಿತ್ತು. ಹಾಯಿಯ ಮೂಟೆ ಬಿಚ್ಚಿದರೆ ಊರ್ಮಿಳಾ ಹೊಲಿದ ಬಿಳಿ ಬಟ್ಟೆಯ ತುಂಬ ಸಾಸಿವೆ ಎರಚಿದ ಹಾಗೆ ಕಪ್ಪು ಚುಕ್ಕೆ.

ನಾನು ಅಲ್ಲೇ ಒಂದು ಡಬ್ಬದ ಮೇಲೆ ಕುಕ್ಕರಿಸಿದೆ. ಕಮಲಮ್ಮ ಶೆಡ್ಡಿನ ಕಿಟಕಿಯ ಮೇಲಿದ್ದ ಕಾಗದ ತೆಗೆದು ಓದಿದಳು. ಪಟ್ಟಾಭಿಯ ದುಂಡು ಅಕ್ಷರ. ತಳದ ಹಲಗೆ ಎತ್ತಿ ಗೋಡೆಗೆ ಒರಗಿಸಿಡು. ಹಾಯಿ ಮನೆಗೆ ತಗೊಂಡು ಹೋಗಿ ತೂಗುಹಾಕು. ಎರಡು ಕಿಂಡಿಯೂ ಬಾಗಿಲೂ ತೆರೆದೇ ಇರಲಿ. ಟಾರ್ಪಾಲು ಮೈಗೆ ತಾಗದಂತೆ ಮೇಲೆ ಚಪ್ಪರದ ಹಾಗೆ ಕಟ್ಟು. ಬಲ್ಬು ಹಾಕಿದರೆ ನಲವತ್ತು ವ್ಯಾಟಿನದು ಒಂದು ಸಾಕು, ಕೆಳಗಿಡು, ಬಿಸಿ ಮೇಲೇರಿ ಹಸಿಯನ್ನು ಕಿಂಡಿಯಿಂದ ಹೊರಗೆ ಕರೆದೊಯ್ಯಲಿ. ಕೊನೆಯಲ್ಲಿ ಒಂದು ಸಾಲು: 'ಕೊಟ್ರಪ್ಪ, ಇದು ರಾಡಲ್ಲ, ಇದಕ್ಕೆ ಉಸಿರಾಟ ಬೇಕು.'

"ಇಷ್ಟು ಸಪ್ಪಗಾಗಬ್ಯಾಡ್ರಿ. ತೊಳದ್ರ ಹೋಕ್ಕೈತಿ," ಎಂದಳು ಕಮಲಮ್ಮ.

ನನ್ನ ಮುಖ ಸಪ್ಪಗಾಗಿದ್ದು ಬರೀ ಬೂಸರಿಗಲ್ಲ. ಆ ಸೊಟ್ಟ ಹಲಗೆಯನ್ನು ಕೈಯಲ್ಲಿ ಹಿಡಿದಾಗ ಇನ್ನೊಂದು ಮರ ನೆನಪಾಗಿತ್ತು. ಇಪ್ಪತ್ತೆಂಟು ವರ್ಷ ಯಾರಿಗೂ ಹೇಳಿರದ್ದನ್ನು ಅವತ್ತು ಶೆಡ್ಡಿನಲ್ಲಿ ಹೆಂಡತಿಗೆ ಹೇಳಿದೆ.

ಆಗ ಪಟ್ಟಾಭಿ ಒಂದು ದೊಡ್ಡ ಪಂಪಿನ ಹೊರಮೈಗೆ ತೇಗದ ಪ್ಯಾಟರ್ನ್ ಮಾಡಿದ್ದ. ಮೂರು ತಿಂಗಳ ಕೆಲಸ. ಎರಕ ತಡವಾಯಿತೆಂದು ಅದು ನನ್ನ ಸ್ಟೋರ್ಸಿಗೆ ಬಂತು. ಮಳೆಗಾಲ, ರ‍್ಯಾಕಿನ ಮೇಲೆ ಸೂರು ಸೋರುತ್ತಿತ್ತು. ನಾನು ಒಳ್ಳೆಯದಕ್ಕೇ ಎಂದು ಅದನ್ನು ರಾಡಿನ ಕೋಣೆಯೊಳಗೆ, ಬಲ್ಬಿನ ಪಕ್ಕ ಇಟ್ಟೆ. ಒಂದೂವರೆ ತಿಂಗಳಾದ ಮೇಲೆ ತೆಗೆದರೆ ಒಂದು ಮಗ್ಗುಲು ಬಾಗಿ, ಕೂಡಿಸಿದ ಜಾಗದಲ್ಲಿ ಸೀಳು ಬಿಟ್ಟಿತ್ತು. ವಿಚಾರಣೆಗೆ ಬಂದ ಸಾಹೇಬರು ಎಲ್ಲಿಟ್ಟಿದ್ದೆ ಎಂದು ಕೇಳಿದರು. ರ‍್ಯಾಕಿನ ಮೇಲೆ, ಸೋರದ ಜಾಗದಲ್ಲಿ ಎಂದುಬಿಟ್ಟೆ. ಒಂದೇ ಮಾತು. ಸರಿಯಾಗಿ ಒಣಗದ ಮರ ಬಳಸಿದ್ದಾನೆ ಎಂದು ಪಟ್ಟಾಭಿಗೆ ಮೆಮೊ ಕೊಟ್ಟು, ಎರಡು ವರ್ಷ ಪ್ಯಾಟರ್ನ್ ಶಾಪಿನಿಂದ ಎತ್ತಿ ಕ್ಯಾಂಟೀನಿನ ಬೆಂಚು ರಿಪೇರಿಗೆ ಹಾಕಿದರು. ಅವನು ಒಂದು ದಿನವೂ ನನ್ನ ಮೇಲೆ ಅನುಮಾನ ಪಡಲಿಲ್ಲ. ಬೆಂಚು ರಿಪೇರಿ ಮಾಡುತ್ತಲೇ ನನ್ನ ಜೊತೆ ಊಟ ಮಾಡಿದ.

ಕಮಲಮ್ಮ ಎಲ್ಲ ಕೇಳಿ ಹಾಯಿಯನ್ನು ಮಡಿಸಿಟ್ಟಳು.

"ಹೂಡಿಗೆ ಯಾವಾಗ ಹೋಗ್ತೀರಿ?" ಎಂದಳು.

"ಹೋಗಿ?"

"ಹೋಗಿ ಹೇಳ್ರಿ. ದೋಣಿದೂ, ಅದೂ. ದೋಣಿ ನಾನು ಒಣಗ್ಸಿ ಕೊಡ್ತೀನಿ. ಇನ್ನೊಂದು ನೀವ ಒಣಗಿಸ್ಕೋಬೇಕು."

ಹಾಗೆ ನಮ್ಮ ಮನೆ ತಾರಸಿಯ ಮೇಲೆ ಹಾಯಿ ಏರಿತು. ಕಮಲಮ್ಮ ನಿಂಬೆಹಣ್ಣಿನ ರಸಕ್ಕೆ ಉಪ್ಪು ಸೇರಿಸಿ ಒಂದೊಂದು ಚುಕ್ಕೆಗೂ ಉಜ್ಜಿ, ಬಿಸಿಲಿಗೆ ಹರಡಿ, ಮತ್ತೆ ಉಜ್ಜಿ, ಮತ್ತೆ ಹರಡಿದಳು. ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚುವ ಕೆಲಸ ನನ್ನ ಕೊರಳಿಗೆ ಬಿತ್ತು. ಅಕ್ಕಪಕ್ಕದ ತಾರಸಿಯವರಿಗೆಲ್ಲ ಕುತೂಹಲ.

"ಏನ್ ಕಮಲಮ್ಮ, ಮನೇಲಿ ಮದ್ವೇನಾ, ಪೆಂಡಾಲ್ ಬಟ್ಟೆ ಒಗೀತಿದೀರ?" ಎಂದು ಎದುರು ಮನೆಯ ಹೇಮಲತಾ ಕೂಗಿ ಕೇಳಿದರು.

"ಹೌದ್ರಿ, ದೋಣಿ ಮದುವಿ," ಎಂದಳು ಇವಳು, ತಲೆಯೆತ್ತದೆ.

ಶೆಡ್ಡಿನಲ್ಲಿ ನಾನು ಕಾಗದದಲ್ಲಿ ಬರೆದಂತೆ ಅಕ್ಷರ ತಪ್ಪದೆ ಮಾಡಿದೆ. ಹಲಗೆ ಎತ್ತಿ ಒರಗಿಸಿದೆ, ಥರ್ಮಾಕೋಲ್ ಕಿತ್ತು ಕಸಕ್ಕೆಸೆದೆ, ಬೂಸರು ಒರೆಸಿದೆ. ಟಾರ್ಪಾಲನ್ನು ಬಿದಿರಿನ ಮೇಲೆ ಚಪ್ಪರ ಮಾಡಿದೆ. ನಾಲ್ಕೇ ದಿನಕ್ಕೆ ವಾಸನೆ ಬದಲಾಯಿತು, ಮರ ಮರದ ವಾಸನೆ ಹೊಡೆಯತೊಡಗಿತು. ಬಿಳಿಚಿದ್ದ ವಾರ್ನಿಷು ಕೂಡ ಅರ್ಧಕ್ಕರ್ಧ ತಿಳಿಯಾಯಿತು. ಇಷ್ಟೊಂದು ಸುಲಭದ ಕೆಲಸವನ್ನು ನಾನು ಎಷ್ಟೊಂದು ಕಷ್ಟಪಟ್ಟು ಕೆಡಿಸಿದ್ದೆ! ನನಗೆ ನನ್ನ ಮೇಲೇ ರೇಗಿತು.

ಸಂಕ್ರಾಂತಿಯ ಮಾರನೇ ದಿನ ಎಳ್ಳು ಬೆಲ್ಲದ ಡಬ್ಬಿ ಹಿಡಿದು ಪೀಣ್ಯದಲ್ಲಿ ಮೆಟ್ರೋ ಹತ್ತಿದೆ. ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಹಿಡಿದೆ. ದಾರಿಯುದ್ದಕ್ಕೂ ಹೇಗೆ ಶುರು ಮಾಡುವುದೆಂದು ಯೋಚಿಸುತ್ತಲೇ ಇದ್ದೆ. ಸ್ಟೋರ್‌ಕೀಪರನ ಬುದ್ಧಿ ನೋಡಿ, ಮೊದಲು ಚಿಕ್ಕದು, ಆಮೇಲೆ ದೊಡ್ಡದು ಎಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೆ.

ಪಟ್ಟಾಭಿ ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ವಾಕರ್ ಪಕ್ಕಕ್ಕಿಟ್ಟುಕೊಂಡು ಕುಳಿತಿದ್ದ. ನನ್ನ ಕಂಡು ಮುಖ ಅರಳಿತು. ಊರ್ಮಿಳಾ ಕಾಫಿ ಕೊಟ್ಟು ಒಳಗೆ ಹೋದರು. ದೋಣಿಯ ವಿಷಯ ಹೇಳಿದೆ. ಬಲ್ಬು, ಟೇಪು, ಥರ್ಮಾಕೋಲ್, ಬೂಸರು, ಹಾಯಿ, ಒಂದನ್ನೂ ಬಿಡಲಿಲ್ಲ. ಅವನ ಹುಬ್ಬು ಗಂಟಿಕ್ಕಿತು, ಆದರೆ ಸಿಟ್ಟು ಬರಲಿಲ್ಲ.

"ಕಾಗದ ಓದಿರ್ಲಿಲ್ವಾ?"

"ಇಲ್ಲ."

"ಗೊತ್ತಿತ್ತು ನಂಗೆ. ಜನ್ಮದಲ್ಲಿ ಒಂದು ಕಾಗದ ಪೂರ್ತಿ ಓದಿದವನಲ್ಲ ನೀನು. ಹೋಗ್ಲಿ ಬಿಡು, ಈಗ ಒಣಗಿದ್ಯಲ್ಲ. ಹೊಸ ಮರ, ತಡ್ಕೊಳ್ಳುತ್ತೆ."

ಅಲ್ಲಿಗೇ ನಿಲ್ಲಿಸಿ ಎದ್ದು ಬರಬಹುದಿತ್ತು. ಅವನು ಕ್ಷಮಿಸಿಯಾಗಿತ್ತು, ಕಾಫಿಯೂ ಮುಗಿದಿತ್ತು. ನಾನು ಕಪ್ಪು ಕೆಳಗಿಟ್ಟು, ಆ ಪಂಪಿನ ಪ್ಯಾಟರ್ನ್ ರ‍್ಯಾಕಿನ ಮೇಲೆ ಇರಲಿಲ್ಲ ಎಂದೆ.

ಮೊದಲು ಅವನಿಗೆ ಅರ್ಥವಾಗಲಿಲ್ಲ. ಎರಡನೇ ಸಲ ಬಿಡಿಸಿ ಹೇಳಿದೆ. ಅವನ ಮುಖದ ಮೇಲಿನ ನಗು ನಿಧಾನಕ್ಕೆ ಇಳಿಯಿತು.

"ರಾಡಿನ ರೂಮಲ್ಲಿ ಇಟ್ಟಿದ್ಯಾ? ಬಲ್ಬಿನ ಪಕ್ಕ?"

"ಹೂಂ."

"ಒಂದೂವರೆ ತಿಂಗಳು?"

"ಹೂಂ."

ಅವನು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟು ಅದನ್ನೇ ನೋಡಿದ. ಹೆಬ್ಬೆರಳ ಉಗುರಿನ ಪಕ್ಕ ಹಳೆಯ ಉಳಿಯ ಗಾಯ.

"ನನ್ನ ಕಣ್ಣೇ ಸರಿ ಇಲ್ಲ ಅಂದ್ಕೊಂಡಿದ್ದೆ ಕಣೋ. ಆ ತೇಗ ನಾನೇ ತಟ್ಟಿ ನೋಡಿ ಆರಿಸಿದ್ದು. ಒಣಗಿದೆ ಅಂತ ನಂಗೆ ಗ್ಯಾರಂಟಿ ಇತ್ತು. ಆಮೇಲೆ ಸೀಳಿತು. ಅವತ್ತಿನಿಂದ ಯಾವ ಮರ ಮುಟ್ಟಿದ್ರೂ ಅನುಮಾನ. ರಿಟೈರ್ ಆದ್ಮೇಲೆ ಆರು ವರ್ಷ ಈ ದೋಣಿಗೆ ಕೈ ಹಾಕ್ಲಿಲ್ಲ, ಯಾಕೆ ಗೊತ್ತಾ? ಹಲಗೆ ತಂದು ಮನೇಲಿಟ್ಕೊಂಡು ತಟ್ತಿದ್ದೆ, ತಟ್ತಿದ್ದೆ, ಧೈರ್ಯ ಬರ್ತಿರ್ಲಿಲ್ಲ. ಆರು ವರ್ಷ ಕಣೋ! ಮಂಡಿ ಚೆನ್ನಾಗಿದ್ದ ಆರು ವರ್ಷ!"

ಅವನ ದನಿ ಏರಿತು. ಊರ್ಮಿಳಾ ಬಾಗಿಲಿಗೆ ಬಂದರು. ನನಗೆ ಅಳು ಬಂತು. ತಪ್ಪಾಯ್ತು ಪಟ್ಟಾಭಿ ಎಂದೆ. ಇಪ್ಪತ್ತೆಂಟು ವರ್ಷ ತಡವಾದ ಮಾತಿಗೆ ಎಷ್ಟು ಬೆಲೆ ಇರುತ್ತದೆ?

"ಎದ್ದು ಹೋಗು ಈಗ. ನಿನ್ನ ಮುಖ ನೋಡೋಕಾಗಲ್ಲ ನಂಗೆ," ಎಂದ.

ಬಂದೆ. ಮೆಟ್ರೋದಲ್ಲಿ ಕೂತಾಗ ನೋಡಿಕೊಂಡೆ, ಎಳ್ಳು ಬೆಲ್ಲದ ಡಬ್ಬಿ ಕೈಯಲ್ಲೇ ಉಳಿದಿತ್ತು.

ಒಂದು ತಿಂಗಳು ಫೋನ್ ಬರಲಿಲ್ಲ. ನಾನು ಮಾಡಿದರೆ ಊರ್ಮಿಳಾ ಎತ್ತಿ, "ಮಲಗಿದಾರೆ ಕೊಟ್ರಪ್ಪನವರೇ," ಎನ್ನುತ್ತಿದ್ದರು. ಬೆಳಗಿನ ವಾಕಿಂಗು ಒಬ್ಬನೇ ಮಾಡಿದೆ. ಆದರೆ ದಿನಾ ಶೆಡ್ಡಿಗೆ ಹೋಗುವುದನ್ನು ಬಿಡಲಿಲ್ಲ. ಹತ್ತಕ್ಕೆ ಬಾಗಿಲು ತೆಗೆದು ಬಿಸಿಲು ಬಿಡುವುದು, ಹಲಗೆಗಳನ್ನು ತಿರುವಿ ಒರಗಿಸುವುದು, ಸಂಜೆ ನಲವತ್ತರ ಬಲ್ಬು ಹಾಕುವುದು. ಸೊಟ್ಟ ಹಲಗೆಯ ಮೇಲೆ ಕಲ್ಲು ಹೇರಿ ನೆಟ್ಟಗಾಗುತ್ತದೆಯೋ ನೋಡಿದೆ. ಸ್ವಲ್ಪ ಆಯಿತು, ಪೂರ್ತಿ ಆಗಲಿಲ್ಲ. ಹಾಯಿಯ ಚುಕ್ಕೆಗಳಲ್ಲಿ ಮೂರು ಉಳಿದವು. ಕಮಲಮ್ಮ ಹಾಯಿಯನ್ನು ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ರೊಟ್ಟಿಯ ಗಂಟಿನ ಪಕ್ಕ ಅಟ್ಟದ ಮೇಲಿಟ್ಟಳು. ಮಗು ನೋಡಿಕೊಂಡ ಹಾಗೆ ನೋಡಿಕೊಂಡೆವು ಅನ್ನಿ. ಅವನು ನನ್ನ ಜೊತೆ ಮಾತು ಬಿಟ್ಟರೂ ಸರಿ, ದೋಣಿ ನೀರು ಕಾಣಲೇಬೇಕು ಎಂಬುದೊಂದೇ ನನ್ನ ಹಟವಾಗಿತ್ತು.

ಫೆಬ್ರವರಿ ಮೂರನೇ ವಾರ ಒಂದು ಬೆಳಗ್ಗೆ ಶೆಡ್ಡಿನ ಮುಂದೆ ಸಮೀಕ್ಷಾಳ ಕಾರು ನಿಂತಿತು. ಪಟ್ಟಾಭಿ ಕೋಲೂರಿ ಇಳಿದ, ಹಿಂದೆ ಊರ್ಮಿಳಾ. ನಾನು ಹಲಗೆ ತಿರುವುತ್ತಿದ್ದವನು ಹಾಗೇ ನಿಂತುಬಿಟ್ಟೆ. ಅವನು ನನ್ನ ಕಡೆ ನೋಡದೆ ನೇರ ದೋಣಿಯ ಹತ್ತಿರ ಹೋದ. ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ ಕಿವಿಗೊಟ್ಟ. ಮುಂದೆ ಹೋದ, ತಟ್ಟಿದ. ಕೋಣೆಯೊಳಗೆ ತಲೆ ಹಾಕಿ ಮೂಸಿದ. ಇಡೀ ದೋಣಿಯನ್ನು ಹೀಗೆ ಸುತ್ತಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆಯಾಯಿತು.

"ಒಣಗಿದೆ," ಎಂದ. ಆಮೇಲೆ ಸೊಟ್ಟ ಹಲಗೆ ಎತ್ತಿಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. "ಇದು ಬೇಡ. ಇದರ ಬದಲು ಬೇರೆ ಹಾಕ್ತೀನಿ. ಮರ ಚೆನ್ನಾಗೇ ಇತ್ತು."

"ಚೆನ್ನಾಗೇ ಇತ್ತು," ಎಂದೆ.

"ನಿನ್ನ ಹತ್ರ ಇನ್ನೂ ಆ ರಿಜೆಕ್ಷನ್ ನೋಟ್ ಪ್ಯಾಡು ಇದ್ಯಾ?"

ಇತ್ತು. ಮಾಲು ಸರಿಯಿಲ್ಲದಿದ್ದರೆ ಯಾಕೆ, ಎಲ್ಲಿ, ಯಾರಿಂದ ಕೆಟ್ಟಿತೆಂದು ಸ್ಟೋರ್‌ಕೀಪರ್ ಬರೆದು ಸಹಿ ಹಾಕುವ ಹಳದಿ ಚೀಟಿ ಅದು. ನಿವೃತ್ತಿಯ ದಿನ ಉಳಿದಿದ್ದ ಎರಡು ಪ್ಯಾಡು ಮನೆಗೆ ತಂದಿದ್ದೆ, ಕಮಲಮ್ಮ ಅದರ ಬೆನ್ನಿಗೆ ದಿನಸಿ ಪಟ್ಟಿ ಬರೆಯುತ್ತಾಳೆ. ಫೋನ್ ಮಾಡಿದೆ. ಹಾಯಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಪ್ಯಾಡು ಹಿಡಿದು, ಹತ್ತು ನಿಮಿಷದಲ್ಲಿ ಆಟೋದಲ್ಲಿ ಬಂದಳು.

"ಬರಿ. ಇಂಗ್ಲಿಷ್ ಬೇಡ, ಊರ್ಮಿಳಾನೂ ಓದ್ಬೇಕು," ಎಂದ ಪಟ್ಟಾಭಿ.

"ಏನಂತ?"

"ಅವತ್ತು ಏನಂತ ಬರೀಬೇಕಿತ್ತೋ ಅದನ್ನ."

ದೋಣಿಯ ಅಂಚಿನ ಮೇಲೆ ಪ್ಯಾಡು ಇಟ್ಟು ಬರೆದೆ. ಅಕ್ಷರ ಹಳೇ ಸ್ಟೋರ್‌ಕೀಪರನದೇ ಬಂತು. ಪಂಪಿನ ಹೊರಮೈಯ ತೇಗದ ಪ್ಯಾಟರ್ನ್ ಒಂದು. ತಯಾರಿಸಿದವರು ಪಟ್ಟಾಭಿರಾಮ. ಮರ ಒಣಗಿತ್ತು, ಕೆಲಸದಲ್ಲಿ ದೋಷವಿರಲಿಲ್ಲ. ಮಾಲು ಸುಸ್ಥಿತಿಯಲ್ಲಿ ಬಂದಿತ್ತು. ಕೆಟ್ಟದ್ದು ಸ್ಟೋರ್ಸಿನಲ್ಲಿ, ನನ್ನಿಂದ. ಕೆಳಗೆ ಸಹಿ ಹಾಕಿ, ಕೊಟ್ರಪ್ಪ, ಸ್ಟೋರ್‌ಕೀಪರ್ ಎಂದು ಬರೆದೆ. ತಾರೀಕು ಯಾವುದು ಹಾಕಲಿ ಎಂದು ಕೇಳಿದೆ. ಇವತ್ತಿನದೇ ಹಾಕು ಎಂದ.

ಅವನು ಎರಡು ಸಲ ಓದಿದ. ಊರ್ಮಿಳಾ ಇಸಿದುಕೊಂಡು ಓದಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಮಲಮ್ಮ ಹಾಯಿಯ ಗಂಟನ್ನು ಅವರ ಕೈಗಿತ್ತು, "ಮೂರು ಚುಕ್ಕಿ ಹೋಗ್ಲಿಲ್ಲವ್ವ, ದೃಷ್ಟಿಬೊಟ್ಟು ಅಂದ್ಕೊಳ್ರಿ," ಎಂದಳು. ಊರ್ಮಿಳಾಗೆ ಅಳುವಿನ ನಡುವೆಯೇ ನಗು ಬಂತು.

"ವಾರ್ನಿಷ್ ಡಬ್ಬ ಕೊಡೋ ಇಲ್ಲಿ," ಎಂದ ಪಟ್ಟಾಭಿ. ಒಂದು ತಿಂಗಳ ಮೇಲೆ ಅವನ ಬಾಯಲ್ಲಿ 'ಕೊಡೋ' ಕೇಳಿ ನನಗೆ ಜೀವ ಬಂದ ಹಾಗಾಯಿತು.

ಕೋಣೆಯೊಳಗೆ, ಕಿಟಕಿಯ ಕೆಳಗೆ, ಕೂತವರ ಕಣ್ಣಿಗೆ ಬೀಳುವ ಜಾಗದಲ್ಲಿ ಆ ಹಳದಿ ಚೀಟಿ ಅಂಟಿಸಿದ. ಅಂಚುಗಳನ್ನು ಬೆರಳಿನಿಂದ ಒತ್ತಿ ಸಮ ಮಾಡಿದ. ಆಮೇಲೆ ಕುಂಚ ಅದ್ದಿ ಅದರ ಮೇಲೆ ನಿಧಾನವಾಗಿ ವಾರ್ನಿಷು ಎಳೆದ, ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ.

"ಇನ್ನೂ ಎರಡು ಕೋಟ್ ಹೊಡೀಬೇಕು. ಇದೊಂದು ನೆನೀಬಾರ್ದು," ಎಂದ.

ಕುಂಚ ನನ್ನ ಕೈಗೆ ಕೊಟ್ಟು, ಖಾಲಿ ಡಬ್ಬದ ಮೇಲೆ ಕುಳಿತು ಕಾಲು ಚಾಚಿದ. ನಾನು ಶೆಡ್ಡಿನ ಬಾಗಿಲು ಮುಚ್ಚಲು ಹೋದೆ. ಎದುರಿನ ಶಾಪಿನ ಧೂಳು ಹಸಿ ವಾರ್ನಿಷಿನ ಮೇಲೆ ಕೂರುತ್ತದಲ್ಲ ಎಂದು.

"ತೆಗ್ದೇ ಇರ್ಲಿ ಬಿಡೋ, ಗಾಳಿ ಆಡ್ಲಿ," ಎಂದ ಪಟ್ಟಾಭಿ.